ದೀಪ ಆರಿದ ಮೇಲೆ ಕಾಣುವ ಬೆಳಕು

ಹಗಲು ಹೊತ್ತಿನಲ್ಲಿ ನಕ್ಷತ್ರಗಳು ಎಲ್ಲಿಗೂ ಓಡಿಹೋಗಿರುವುದಿಲ್ಲ. ರಾತ್ರಿ ಆಕಾಶದಲ್ಲಿ ಹೇಗಿದ್ದುವೋ ಮಧ್ಯಾಹ್ನವೂ ಹಾಗೆಯೇ ಉರಿಯುತ್ತಿರುತ್ತವೆ. ಸೂರ್ಯನ ಬೆಳಕು ಗಾಳಿಯಲ್ಲಿ ಚದರಿ ಬಾನನ್ನೆಲ್ಲ ತುಂಬಿಕೊಳ್ಳುವುದರಿಂದ ಅವುಗಳ ಕಿರುಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ಬೆಳಕಿದ್ದರೆ ಎಲ್ಲವೂ ಕಾಣುವುದೆಂಬ ಲೋಕರೂಢಿಯ ಮಾತಿಗೆ ಇದೊಂದು ದೊಡ್ಡ ಅಪವಾದ. ಕೆಲವು ವಸ್ತುಗಳನ್ನು ಕಣ್ಣಿನಿಂದ ಮರೆಸುವುದು ಬೆಳಕೇ.

ಮನುಷ್ಯನ ದೇಹದೊಳಗೆ ಹುಟ್ಟುವ ಕ್ಯಾನ್ಸರ್ ಗೆಡ್ಡೆಯನ್ನು ಅದು ಸಾಸಿವೆಯಷ್ಟಿರುವಾಗಲೇ ಕಾಣಬೇಕೆಂದು ಹೊರಟ ವಿಜ್ಞಾನಿಗಳಿಗೂ ಇದೇ ತೊಡಕು ಎದುರಾಯಿತು. ಅವರು ಹುಡುಕಿಕೊಂಡ ಉಪಾಯಗಳಲ್ಲಿ ಒಂದು ಬಹಳ ಸೋಜಿಗದ್ದು. ಸಣ್ಣದು ಕಾಣಬೇಕಾದರೆ ಮೊದಲು ದೊಡ್ಡ ದೀಪವನ್ನು ಆರಿಸಬೇಕು ಎಂಬುದೇ ಅದರ ತಿರುಳು. ಆ ಉಪಾಯದ ಕಥೆಯಲ್ಲಿ ರಸಾಯನಶಾಸ್ತ್ರವಿರುವಂತೆಯೇ ಒಬ್ಬ ತಂದೆಯ ದುಃಖವೂ ಬೆರೆತಿದೆ.

ಗೆಡ್ಡೆಯನ್ನು ಸಾಸಿವೆಯಷ್ಟಿರುವಾಗಲೇ ಏಕೆ ಕಾಣಬೇಕು? ಉತ್ತರ ಚದುರಂಗದ ಮಣೆಯ ಹಳೆಯ ಕಥೆಯಲ್ಲಿದೆ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಬೇಡಿದ ಜಾಣನಿಗೆ ಧಾನ್ಯ ಅಳೆದುಕೊಡಲಾರದೆ ರಾಜನ ಕಣಜವೇ ಬರಿದಾಯಿತಷ್ಟೆ. ಕ್ಯಾನ್ಸರಿನ ಜೀವಕೋಶವೂ ಹೀಗೆಯೇ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಇಪ್ಪತ್ತು ಸಲ ದ್ವಿಗುಣವಾದರೆ ಸುಮಾರು 10 ಲಕ್ಷ ಕೋಶಗಳಾಗುತ್ತವೆ. ಆಗ ಗೆಡ್ಡೆಯ ಗಾತ್ರ ಒಂದು ಮಿಲಿಮೀಟರಿನ ಆಸುಪಾಸು. ಮೂವತ್ತು ಸಲ ದ್ವಿಗುಣವಾದರೆ ಕೋಶಗಳ ಸಂಖ್ಯೆ 100 ಕೋಟಿಯನ್ನು ದಾಟುತ್ತದೆ. ಆಗ ಅದು ಒಂದು ಸೆಂಟಿಮೀಟರಿನಷ್ಟು, ಎಂದರೆ ಕಡಲೆಕಾಳಿನಷ್ಟು ಆಗಿರುತ್ತದೆ. ಕೈಗೆ ತಗಲುವುದು, ಸ್ಕ್ಯಾನಿಂಗಿನಲ್ಲಿ ನಿಸ್ಸಂದೇಹವಾಗಿ ಕಾಣುವುದು ಬಹುಮಟ್ಟಿಗೆ ಈ ಹಂತದಲ್ಲಿಯೇ. ಅಲ್ಲಿಂದ ಮುಂದೆ ಇನ್ನು ಹತ್ತೇ ಸಲ ದ್ವಿಗುಣವಾದರೆ ಅದರ ತೂಕ ಒಂದು ಕಿಲೋಗ್ರಾಮಿನಷ್ಟಾಗುತ್ತದೆ. ಅಷ್ಟು ಹೊರೆಯನ್ನು ದೇಹ ತಾಳುವುದು ದುಸ್ತರ. ನಿಜವಾದ ಗೆಡ್ಡೆಗಳು ಇಷ್ಟು ಕಟ್ಟುನಿಟ್ಟಾದ ಲೆಕ್ಕದಲ್ಲಿ ಬೆಳೆಯುವುದಿಲ್ಲ. ಬೆಳೆಯುತ್ತ ಬೆಳೆಯುತ್ತ ಅನೇಕ ಕೋಶಗಳು ಸಾಯುತ್ತವೆ, ಕೆಲವು ಸುಮ್ಮನೆ ಕುಳಿತುಬಿಡುತ್ತವೆ. ಆದರೂ ಲೆಕ್ಕದ ಸಾರಾಂಶ ಉಳಿದೇ ಉಳಿಯುತ್ತದೆ. ಮನೆಯವರಿಗೆ ರೋಗದ ಹೆಸರು ಮೊದಲ ಬಾರಿ ಕಿವಿಗೆ ಬೀಳುವ ಹೊತ್ತಿಗೆ ಅದರ ಪಯಣದ ಮುಕ್ಕಾಲು ಪಾಲು ಸದ್ದಿಲ್ಲದೆ ಮುಗಿದುಹೋಗಿರುತ್ತದೆ.

ಕಾಣದಿರುವ ಸಣ್ಣದರ ಭಯ ರೋಗ ಪತ್ತೆಯಾಗುವುದರೊಂದಿಗೆ ಮುಗಿಯುವುದೂ ಇಲ್ಲ. ಶಸ್ತ್ರಕ್ರಿಯೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಗಂಟೆಗಟ್ಟಲೆ ಕುಳಿತ ಗಂಡ, ಅಕ್ಕ, ಮಗ, ಡಾಕ್ಟರು ಹೊರಗೆ ಬಂದೊಡನೆ ಎದ್ದುನಿಂತು ಕೇಳುವ ಪ್ರಶ್ನೆ ಒಂದೇ: ‘ಎಲ್ಲಾ ಬಂತೇ, ಡಾಕ್ಟರೇ?’ ಡಾಕ್ಟರು ತಮ್ಮ ಕಣ್ಣಿಗೂ ಬೆರಳಿಗೂ ಗೋಚರವಾದುದನ್ನೆಲ್ಲ ತೆಗೆದಿರುತ್ತಾರೆ. ಗೋಚರವಾಗದ್ದು ಉಳಿದಿದೆಯೋ ಇಲ್ಲವೋ ಎಂಬುದನ್ನು ಹೇಳಬೇಕಾದದ್ದು ಸೂಕ್ಷ್ಮದರ್ಶಕ. ಆ ವರದಿ ಬರುವುದಕ್ಕೆ ಎಷ್ಟೋ ದಿನಗಳು ಹಿಡಿಯುತ್ತವೆ. ಸ್ತನದ ಗೆಡ್ಡೆಯನ್ನಷ್ಟೇ ತೆಗೆದು ಸ್ತನವನ್ನು ಉಳಿಸುವ ಶಸ್ತ್ರಕ್ರಿಯೆಯಾದವರಲ್ಲಿ ಸುಮಾರು ಐವರಿಗೆ ಒಬ್ಬರಂತೆ ಮತ್ತೊಮ್ಮೆ ಅದೇ ಮೇಜಿನ ಮೇಲೆ ಮಲಗಬೇಕಾಗಿ ಬರುತ್ತದೆ. ಬೆಂಚಿನ ಮೇಲೆ ಕುಳಿತವರ ಪ್ರಶ್ನೆಗೆ ಅಲ್ಲಿಯೇ, ಆಗಲೇ ಉತ್ತರ ಕೊಡಬೇಕಾದರೆ ಮಾಂಸದ ನಡುವೆ ಅಡಗಿರುವ ಒಂದು ಮಿಲಿಮೀಟರಿನ ಕೇಡು ತಾನಾಗಿಯೇ ಬೆಳಗಿ ‘ಇಲ್ಲಿದ್ದೇನೆ’ ಎನ್ನಬೇಕು.

ಇಂಥ ಬೆಳಕಿಗಾಗಿ ಜೀವಮಾನವನ್ನೇ ತೊಡಗಿಸಿದವರಲ್ಲಿ ಸಂಜೀವ್ ಗಂಭೀರ್ ಒಬ್ಬರು. ಹರಿಯಾಣದ ಅಂಬಾಲದಲ್ಲಿ 1962ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ತಂದೆತಾಯಿಯರೊಡನೆ ಅಮೆರಿಕಕ್ಕೆ ಹೋಗಿ ಅರಿಜೋನಾದಲ್ಲಿ ಬೆಳೆದರು. ಮೊದಲು ಭೌತಶಾಸ್ತ್ರ, ಅನಂತರ ಜೀವಶಾಸ್ತ್ರಕ್ಕೆ ಅನ್ವಯಿಸುವ ಗಣಿತ, ಜೊತೆಗೆ ವೈದ್ಯ, ಹೀಗೆ ಮೂರು ದಾರಿಗಳಲ್ಲಿ ಓದಿದ ಅವರು ಮುಂದೆ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿಕಿರಣವೈದ್ಯ ವಿಭಾಗದ ಮುಖ್ಯಸ್ಥರಾದರು. ಕ್ಯಾನ್ಸರನ್ನು ಅದರ ಎಳವೆಯಲ್ಲಿಯೇ ಪತ್ತೆಹಚ್ಚುವುದಕ್ಕೆಂದು ಅಲ್ಲಿ ಸ್ಥಾಪಿತವಾದ ಕೇಂದ್ರವನ್ನೂ ನಡೆಸಿದರು. ಆ ಕೇಂದ್ರದ ಹೆಸರಿನಲ್ಲಿ ಒಂದು ಹಕ್ಕಿಯಿದೆ: ‘ಕ್ಯಾನರಿ’. ಹಿಂದೆ ಕಲ್ಲಿದ್ದಲ ಗಣಿಗೆ ಇಳಿಯುವವರು ವಿಷಾನಿಲದ ಸುಳಿವನ್ನು ತಿಳಿಯುವುದಕ್ಕಾಗಿ ಪಂಜರದಲ್ಲಿಟ್ಟು ಕೊಂಡೊಯ್ಯುತ್ತಿದ್ದ ಹಳದಿ ಹಕ್ಕಿ ಅದು. ಮನುಷ್ಯನಿಗೆ ಅಪಾಯ ತಟ್ಟುವ ಮುನ್ನವೇ ಅದು ಸೋತು ಬಿದ್ದು ಎಚ್ಚರಿಸುತ್ತಿತ್ತು.

2012ರಲ್ಲಿ ಗಂಭೀರರ ಬಳಗ ಒಂದು ಪ್ರಯೋಗವನ್ನು ಪ್ರಕಟಿಸಿತು. ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಸಿಲಿಕದ ಹೊದಿಕೆ ತೊಡಿಸಿ, ಮಿದುಳಿನ ಗೆಡ್ಡೆಯಿದ್ದ ಇಲಿಗಳ ರಕ್ತಕ್ಕೆ ಬಿಟ್ಟು, ಆ ಕಣಗಳಿಂದ ಚದರಿ ಬರುವ ಬೆಳಕನ್ನು ಹಿಡಿದು ಗೆಡ್ಡೆಯ ಅಂಚನ್ನು ಗುರುತಿಸಿದ ಪ್ರಯೋಗವದು. ಚದರಿದ ಬೆಳಕಿನಲ್ಲಿ ಅಣುವಿನ ಗುರುತು ಹಚ್ಚುವ ಆ ವಿದ್ಯೆಯ ಬುಡದಲ್ಲಿರುವುದು ರಾಮನ್ ಪರಿಣಾಮ. 1928ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಕಂಡುಹಿಡಿದು, ಮುಂದಿನ ಬಾಳನ್ನೆಲ್ಲ ಬೆಂಗಳೂರಿನಲ್ಲಿ ಕಳೆದ ಸರ್ ಸಿ. ವಿ. ರಾಮನ್‌ರು ಅದು ಒಂದು ದಿನ ಮಿದುಳಿನ ಗೆಡ್ಡೆಯ ಎಲ್ಲೆಯನ್ನು ತೋರುವುದೆಂದು ಎಣಿಸಿದ್ದರೋ ಇಲ್ಲವೋ!

ಆ ಪ್ರಯೋಗದ ವಿಷಯ ಗ್ಲಿಯೋಬ್ಲಾಸ್ಟೋಮ ಎಂಬ ಅತ್ಯಂತ ಕ್ರೂರವಾದ ಮಿದುಳಿನ ಕ್ಯಾನ್ಸರು. ಅದಾದ ಸ್ವಲ್ಪ ಕಾಲದಲ್ಲಿಯೇ ಗಂಭೀರರ ಒಬ್ಬನೇ ಮಗನಿಗೆ, ಹದಿನಾಲ್ಕು ವಯಸ್ಸಿನ ಹುಡುಗನಿಗೆ, ಅದೇ ರೋಗವಿದೆಯೆಂದು ತಿಳಿದುಬಂದಿತು. ತಂದೆಯ ಪ್ರಯೋಗಾಲಯದಲ್ಲಿ ಇಲಿಗಳಿಗಷ್ಟೇ ಸಿದ್ಧವಾಗಿದ್ದ ವಿದ್ಯೆ ಮಗನ ನೆರವಿಗೆ ಬರುವ ಹಾಗಿರಲಿಲ್ಲ. 2015ರಲ್ಲಿ ಆ ಹುಡುಗ ತೀರಿಕೊಂಡ. ಆಗ ಅವನಿಗೆ ಹದಿನಾರು ವರ್ಷ. ತಾನು ಯಾವ ಕಳ್ಳನನ್ನು ಹಿಡಿಯುವುದಕ್ಕೆ ಊರ ಹೊರಗೆ ಹೊಂಚುಹಾಕಿ ಕುಳಿತಿದ್ದನೋ ಅವನೇ ಹಿತ್ತಲ ಬಾಗಿಲಿನಿಂದ ಮನೆಯನ್ನು ಹೊಕ್ಕರೆ ಮನುಷ್ಯನಿಗೆ ಏನಾಗಬೇಕು? ಗಂಭೀರರು ಕೆಲಸವನ್ನು ಬಿಡಲಿಲ್ಲ. ರೋಗ ಬಂದ ಮೇಲೆ ಚಿಕಿತ್ಸೆ ಮಾಡುವುದಕ್ಕಿಂತ ಆರೋಗ್ಯವಂತರಲ್ಲಿಯೇ ರೋಗದ ಮೊದಲ ಸುಳಿವನ್ನು ಹುಡುಕಬೇಕೆಂಬ ಮಾತನ್ನು ಮತ್ತಷ್ಟು ಒತ್ತಿ ಹೇಳತೊಡಗಿದರು.

ಮಗ ಕಾಯಿಲೆಯಲ್ಲಿದ್ದ ಕಾಲದಲ್ಲಿಯೇ, 2014ರಲ್ಲಿ, ಸ್ಟ್ಯಾನ್‌ಫರ್ಡಿನಿಂದ ಇನ್ನೊಂದು ಲೇಖನ ಹೊರಬಂದಿತು. ಅದರ ಕರ್ತೃಗಳ ಪಟ್ಟಿಯಲ್ಲಿ ಗಂಭೀರರ ಹೆಸರಿದೆ. ಮುಖ್ಯ ಕೆಲಸ ಕಾನ್‌ಯಿ ಪು ಎಂಬ ತರುಣನದು, ಆತನ ಗುರು ಜಿಯಾಂಗ್‌ಹಾಂಗ್ ರಾವ್‌ರದು. ಈ ‘ರಾವ್’ ನಮ್ಮ ಕಡೆಯ ರಾವ್ ಅಲ್ಲ, ಚೀನೀಯರ ಮನೆತನದ ಹೆಸರು. ಈ ಸಲ ಚಿನ್ನದ ಕಣಗಳಿರಲಿಲ್ಲ. ಅದರ ಬದಲು ಪಾಲಿಮರ್ ಕಣಗಳಿದ್ದುವು.

ಪಾಲಿಮರ್ ಎಂಬ ಹೆಸರು ಕೇಳಿ ಯಾರೂ ಬೆದರಬೇಕಾಗಿಲ್ಲ. ಹತ್ತಿಯ ನೂಲು, ರಬ್ಬರು, ನೈಲಾನ್ ಸೀರೆ, ಪಾಲಿಥೀನ್ ಚೀಲ ಇವೆಲ್ಲವೂ ಪಾಲಿಮರುಗಳೇ. ಚಿಕ್ಕ ಚಿಕ್ಕ ಅಣುಗಳು ಮಲ್ಲಿಗೆಯ ಮಾಲೆಯಂತೆ ಒಂದಕ್ಕೊಂದು ಕೂಡಿಕೊಂಡು ಉದ್ದನೆಯ ಸರಪಳಿಯಾದರೆ ಅದು ಪಾಲಿಮರ್. ಮನೆಯ ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವುದು ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲವೆಂಬ ನಂಬಿಕೆಯಿಂದ. ಆ ನಂಬಿಕೆಯನ್ನು ಅಲುಗಿಸಿದವರು ಜಪಾನಿನ ಹಿದೆಕಿ ಶಿರಕಾವ, ಅಮೆರಿಕದಲ್ಲಿದ್ದ ಅಲನ್ ಹೀಗರ್ ಮತ್ತು ಅಲನ್ ಮ್ಯಾಕ್‌ಡಯರ್ಮಿಡ್. ಶಿರಕಾವರ ಪ್ರಯೋಗಾಲಯದಲ್ಲಿ ಒಂದು ಸಲ ಯಾರೋ ತಪ್ಪಿ ವೇಗವರ್ಧಕವನ್ನು ಸಾವಿರಪಟ್ಟು ಹೆಚ್ಚಾಗಿ ಹಾಕಿಬಿಟ್ಟದ್ದರಿಂದ ಕಪ್ಪು ಪುಡಿಗೆ ಬದಲಾಗಿ ಬೆಳ್ಳಿಯಂತೆ ಮಿನುಗುವ ಹಾಳೆ ಸಿಕ್ಕಿತಂತೆ. ಅದಕ್ಕೆ ಅಯೋಡಿನ್ ಆವಿ ತಗಲಿಸಿದಾಗ ಅದು ಲೋಹದ ರೀತಿಯಲ್ಲಿ ವಿದ್ಯುತ್ತನ್ನು ಹರಿಯಗೊಟ್ಟಿತು. 1977ರ ಈ ಶೋಧಕ್ಕೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಇಂಥ ಪಾಲಿಮರಿನ ಸರಪಳಿಯಲ್ಲಿ ಕೊಂಡಿಗಳು ಒಂದು ಒಂಟಿ, ಒಂದು ಜೋಡಿ, ಮತ್ತೆ ಒಂಟಿ, ಮತ್ತೆ ಜೋಡಿ ಎಂಬ ಕ್ರಮದಲ್ಲಿರುತ್ತವೆ. ಅದರ ಉದ್ದಕ್ಕೂ ಎಲೆಕ್ಟ್ರಾನುಗಳು ಸಲೀಸಾಗಿ ಸಂಚರಿಸಬಲ್ಲವು. ಮೇಲೆ ಬಿದ್ದ ಬೆಳಕನ್ನು ಧಾರಾಳವಾಗಿ ಹೀರಿಕೊಳ್ಳಬಲ್ಲವು.

ಈ ಪಾಲಿಮರನ್ನು ನ್ಯಾನೋ ಗಾತ್ರದ ಉಂಡೆಗಳನ್ನಾಗಿ ಮಾಡಿ ರಕ್ತದಲ್ಲಿ ತೇಲಿಬಿಡಬಹುದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೋಮೀಟರ್. ನಲವತ್ತು ನ್ಯಾನೋಮೀಟರಿನ ಉಂಡೆಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಜೋಡಿಸುತ್ತ ಹೋದರೆ ತಲೆಗೂದಲಿನ ಅಗಲಕ್ಕೆ ಸುಮಾರು ಎರಡು ಸಾವಿರ ಉಂಡೆಗಳು ಬೇಕಾಗುತ್ತವೆ.

ಇಷ್ಟು ಸಣ್ಣ ಉಂಡೆಗೆ ದೇಹದ ಹೊರಗಿನಿಂದ ಬೆಳಕನ್ನು ಮುಟ್ಟಿಸುವುದು ಹೇಗೆ? ವಾಚಕರು ರಾತ್ರಿ ದೀಪಗಳನ್ನೆಲ್ಲ ಆರಿಸಿ, ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಬಿಳಿಯ ಬೆಳಕು ಒಳಗೆ ಹೊಕ್ಕು ಕೆಂಪಾಗಿ ಹೊರಗೆ ಬರುತ್ತದೆ. ನೀಲಿ ಹಸಿರುಗಳನ್ನು ರಕ್ತದ ಹೀಮೊಗ್ಲೋಬಿನ್ ನುಂಗಿಬಿಡುತ್ತದೆ. ಕೆಂಪಿಗೆ ಮಾತ್ರ ದಾರಿ ಕೊಡುತ್ತದೆ. ಕೆಂಪಿನಿಂದಾಚೆಗೆ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಿಗೆ ಈ ದಾರಿ ಇನ್ನೂ ವಿಶಾಲವಾಗಿದೆ. ಆದಕಾರಣ ಈ ಕ್ಷೇತ್ರದಲ್ಲಿ ದುಡಿಯುವವರೆಲ್ಲರೂ ಸುಮಾರು 700ರಿಂದ 900 ನ್ಯಾನೋಮೀಟರ್ ಅಲೆಯುದ್ದದ ಕಿಟಕಿಯಲ್ಲಿ ಇಣುಕುತ್ತಾರೆ. ಇತ್ತೀಚೆಗೆ 1000 ನ್ಯಾನೋಮೀಟರಿನಾಚೆಗೆ ಇನ್ನೊಂದು ಕಿಟಕಿಯನ್ನೂ ತೆರೆದಿದ್ದಾರೆ.

ಆದರೆ ಮಾಂಸದಲ್ಲಿ ಬೆಳಕು ನೆಟ್ಟಗೆ ಸಾಗುವುದಿಲ್ಲ. ಮಂಜಿನಲ್ಲಿ ಮೋಟಾರಿನ ದೀಪ ಚದರುವಂತೆ ಅಲ್ಲಿ ಅದು ಚದರಿಹೋಗುತ್ತದೆ. ಟಾರ್ಚಿನ ಬೆಳಕಿನಲ್ಲಿ ಅಂಗೈ ಕೆಂಪಾಗಿ ಕಂಡರೂ ಅದರೊಳಗಿನ ಎಲುಬುಗಳ ಅಂಚು ಕಾಣದಿರುವುದಕ್ಕೆ ಇದೇ ಕಾರಣ. 2014ರ ಪ್ರಯೋಗದವರು ಈ ತೊಡಕನ್ನು ದಾಟಿದ್ದು ಹಳೆಯದೊಂದು ಸೋಜಿಗದ ಸಹಾಯದಿಂದ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು 1880ರಲ್ಲಿಯೇ ಬೆಳಕಿನ ಮೂಲಕ ಮಾತನ್ನು ಕಳುಹಿಸುವ ಯಂತ್ರವನ್ನು ಮಾಡುತ್ತಿದ್ದಾಗ, ತಡೆತಡೆದು ಬಿಟ್ಟ ಬಿಸಿಲಿನ ಕೋಲು ತೆಳ್ಳನೆಯ ಬಿಲ್ಲೆಯ ಮೇಲೆ ಬಿದ್ದರೆ ಆ ಬಿಲ್ಲೆ ಸ್ವರ ಹೊರಡಿಸುವುದನ್ನು ಕಂಡಿದ್ದರು. ಬೆಳಕು ಬಿದ್ದಾಗ ವಸ್ತು ಬಿಸಿಯಾಗಿ ಕೂದಲೆಳೆಯಷ್ಟು ಹಿಗ್ಗುತ್ತದೆ, ಬೆಳಕು ತಪ್ಪಿದಾಗ ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳೇ ಶಬ್ದವಾಗುತ್ತವೆ. ಪಾಲಿಮರ್ ಉಂಡೆಗಳ ಮೇಲೆ ಲೇಸರ್ ಬೆಳಕನ್ನು ಕ್ಷಣಾರ್ಧದ ಮಿಡಿತಗಳಾಗಿ ಬಿಟ್ಟರೆ ಅವೂ ಹೀಗೆಯೇ ಸದ್ದುಮಾಡುತ್ತವೆ. ಕಿವಿಗೆ ಕೇಳದ ಆ ಸದ್ದನ್ನು ಬಸಿರಿಯರ ಸ್ಕ್ಯಾನಿಂಗಿನಲ್ಲಿ ಬಳಸುವಂಥ ಉಪಕರಣ ಹಿಡಿಯುತ್ತದೆ. ಮಾಂಸದಲ್ಲಿ ಶಬ್ದ ಬೆಳಕಿನಷ್ಟು ಚದರುವುದಿಲ್ಲವಾದ್ದರಿಂದ ಚಿತ್ರ ಸ್ಪಷ್ಟವಾಗಿ ಮೂಡುತ್ತದೆ. ಬದುಕಿರುವ ಇಲಿಗಳ ದುಗ್ಧಗ್ರಂಥಿಗಳನ್ನು ಹೀಗೆ ಚಿತ್ರಿಸಿದಾಗ, ತೂಕಕ್ಕೆ ತೂಕ ಹೋಲಿಸಿ ನೋಡಿದರೆ, ಈ ಪಾಲಿಮರ್ ಕಣಗಳು ಚಿನ್ನದ ಕಡ್ಡಿಗಳನ್ನೂ ಇಂಗಾಲದ ನಳಿಗೆಗಳನ್ನೂ ಮೀರಿಸಿದುವು.

ಕಾನ್‌ಯಿ ಪು ಅನಂತರ ಸಿಂಗಪುರದ ನಾನ್‌ಯಾಂಗ್ ತಂತ್ರವಿಜ್ಞಾನ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಅವರ ಬಳಗ 2017ರಲ್ಲಿ ಪ್ರಕಟಿಸಿದ ಕೆಲಸವೇ ಆರಂಭದಲ್ಲಿ ಹೇಳಿದ ದೀಪ ಆರಿಸುವ ಉಪಾಯ. ಅದರ ಹಿನ್ನೆಲೆ ಹೀಗಿದೆ. ಬೆಳಕು ಬಿದ್ದಾಗ ಬೇರೊಂದು ಬಣ್ಣದಲ್ಲಿ ಬೆಳಗುವ ವರ್ಣದ್ರವ್ಯಗಳನ್ನು ಗೆಡ್ಡೆಗೆ ಕಳುಹಿಸುವ ಪದ್ಧತಿ ಹಳೆಯದು. ಅಮೆರಿಕದ ಜಾರ್ಜ್ ಮೂರ್ ಎಂಬ ವೈದ್ಯರು 1940ರ ದಶಕದ ಕೊನೆಯಲ್ಲಿಯೇ ಫ್ಲೋರೆಸೀನ್ ಎಂಬ ಬಣ್ಣದಿಂದ ಮಿದುಳಿನ ಗೆಡ್ಡೆಗಳನ್ನು ಗುರುತಿಸಲು ಯತ್ನಿಸಿದ್ದರು. ಆದರೆ ಗೆಡ್ಡೆಯನ್ನು ಬೆಳಗಿಸಲು ದೀಪ ಹಿಡಿದರೆ ಸುತ್ತಲಿನ ಚರ್ಮ, ಕೊಬ್ಬು, ಕರುಳಿನ ಅನ್ನ ಎಲ್ಲವೂ ಅಲ್ಪಸ್ವಲ್ಪ ಬೆಳಗುತ್ತವೆ. ದೊಡ್ಡ ಗೆಡ್ಡೆಯಾದರೆ ಈ ಗದ್ದಲದ ನಡುವೆಯೂ ಎದ್ದು ಕಾಣುತ್ತದೆ. ಒಂದು ಮಿಲಿಮೀಟರಿನ ಗೆಡ್ಡೆ ಜಾತ್ರೆಯಲ್ಲಿ ಕೈತಪ್ಪಿದ ಮಗುವಿನ ಕೂಗಿನಂತೆ ಕೇಳದೆ ಹೋಗುತ್ತದೆ.

ಸಿಂಗಪುರದವರು ಮಾಡಿದ್ದು ಇಷ್ಟು: ನಲವತ್ತು ನ್ಯಾನೋಮೀಟರಿಗಿಂತ ಚಿಕ್ಕದಾದ ಪಾಲಿಮರ್ ಕಣಗಳಿಗೆ ಮೊದಲು ಬೆಳಕು ಉಣಿಸಿದರು. ಬೆಳಕಿನ ಬಲದಿಂದ ಚುರುಕಾದ ಆಮ್ಲಜನಕ ಪಾಲಿಮರ್ ಸರಪಳಿಯ ಕೆಲವು ಕೊಂಡಿಗಳಿಗೆ ಅಂಟಿಕೊಂಡು ಅಲ್ಲಲ್ಲಿ ಸಡಿಲವಾದ ಗಂಟುಗಳನ್ನು ಮಾಡುತ್ತದೆ. ದೀಪ ಆರಿಸಿದ ಮೇಲೆ ಆ ಗಂಟುಗಳು ಒಂದೊಂದಾಗಿ, ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ. ಪ್ರತಿಯೊಂದೂ ಬಿಚ್ಚಿಕೊಳ್ಳುವಾಗ ಕೂಡಿಟ್ಟ ಶಕ್ತಿ 780 ನ್ಯಾನೋಮೀಟರಿನ ಅವಕೆಂಪು ಬೆಳಕಾಗಿ ಹೊರಬೀಳುತ್ತದೆ. ಸುಮಾರು ಆರು ನಿಮಿಷಕ್ಕೆ ಆ ಬೆಳಕು ಅರ್ಧವಾಗುತ್ತದೆ, ಮತ್ತೆ ಆರು ನಿಮಿಷಕ್ಕೆ ಅದರ ಅರ್ಧ. ದೀಪ ಆರಿದೊಡನೆಯೇ ಚರ್ಮ, ಕೊಬ್ಬುಗಳ ಹುಸಿಬೆಳಕು ಆರಿಹೋಗಿರುತ್ತದೆ. ಆಮೇಲೆ ಕ್ಯಾಮೆರ ತೆರೆದರೆ ಆ ಗಾಢಾಂಧಕಾರದಲ್ಲಿ ಬೆಳಗುವುದು ಕಣಗಳು ಮಾತ್ರ. ಇಲಿಗಳ ದುಗ್ಧಗ್ರಂಥಿ ಮತ್ತು ಗೆಡ್ಡೆಗಳನ್ನು ಹೀಗೆ ನೋಡಿದಾಗ ಹಿನ್ನೆಲೆಯೊಡನೆ ಹೋಲಿಸಿದ ಸ್ಪಷ್ಟತೆ ಹಳೆಯ ಪದ್ಧತಿಗಿಂತ 127 ಪಟ್ಟಿನವರೆಗೂ ಹೆಚ್ಚಿತ್ತು.

ಓದುತ್ತಿರುವವರಿಗೆ ಇಷ್ಟರಲ್ಲಿ ಆಸೆ ಮೂಡಿರಬಹುದು. ಸಂತೆಯಲ್ಲಿ ಬೆಲೆ ಕಟ್ಟುವಾಗ ಸರಕಿನ ಹುಳುಕನ್ನೂ ನೋಡುವಂತೆ ಇಲ್ಲಿಯೂ ಕೊರತೆಗಳನ್ನು ಎಣಿಸಬೇಕಾಗುತ್ತದೆ.

ಮೊದಲನೆಯದು, ಕಣಗಳು ಗೆಡ್ಡೆಯನ್ನು ಸೇರುವ ದಾರಿ. ಜಪಾನಿನ ಕುಮಾಮೊಟೊದಲ್ಲಿ ಮತ್ಸುಮುರ ಮತ್ತು ಮಯೆದ ಎಂಬವರು 1986ರಲ್ಲಿ ತೋರಿಸಿದಂತೆ ಗೆಡ್ಡೆಯ ರಕ್ತನಾಳಗಳು ಅವಸರದಲ್ಲಿ ಕಟ್ಟಿದ ಗೋಡೆಯ ಹಾಗೆ ಬಿರುಕು ಬಿಟ್ಟಿರುತ್ತವೆ; ಆ ಬಿರುಕುಗಳ ಮೂಲಕ ಸೂಕ್ಷ್ಮಕಣಗಳು ಒಳಗೆ ನುಸುಳಿ ಅಲ್ಲಿಯೇ ನಿಲ್ಲುತ್ತವೆ. ಇದನ್ನು ನಂಬಿ ಎಷ್ಟೋ ಪ್ರಯೋಗಗಳು ನಡೆದುವು. 2016ರಲ್ಲಿ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಚುಚ್ಚಿದ ಕಣಗಳಲ್ಲಿ ಗೆಡ್ಡೆಯನ್ನು ತಲಪುವುದು ಸಾಮಾನ್ಯವಾಗಿ ನೂರಕ್ಕೆ 0.7 ಎಂದು ಕಂಡುಬಂದಿತು. ಸಾವಿರ ಮಂದಿಯ ದಿಬ್ಬಣ ಹೊರಟರೆ ಮದುವೆಯ ಮನೆಯನ್ನು ಸೇರುವವರು ಏಳು ಜನ! ಉಳಿದವರಲ್ಲಿ ಬಹುಮಂದಿಯನ್ನು ಯಕೃತ್ತು, ಗುಲ್ಮಗಳು ತಡೆದು ನಿಲ್ಲಿಸಿಕೊಳ್ಳುತ್ತವೆ.

ಎರಡನೆಯದು ಇನ್ನೂ ಕಠಿಣವಾದದ್ದು. ಹೊಸ ರಕ್ತನಾಳಗಳನ್ನು ತನ್ನೆಡೆಗೆ ಸೆಳೆದುಕೊಳ್ಳದೆ ಗೆಡ್ಡೆ ಕೆಲವೇ ಮಿಲಿಮೀಟರುಗಳನ್ನು ಮೀರಿ ಬೆಳೆಯಲಾರದೆಂದು ಜೂಡಾ ಫೋಕ್‌ಮನ್‌ರು 1971ರಲ್ಲಿಯೇ ಪ್ರತಿಪಾದಿಸಿದ್ದರು. ಹಾಗಾದರೆ ಅದಕ್ಕಿಂತ ಚಿಕ್ಕ ಗೆಡ್ಡೆಗೆ ತನ್ನದೇ ಆದ ಬಿರುಕು ನಾಳಗಳೇ ಇರುವುದಿಲ್ಲ. ಯಾವ ಸಣ್ಣದನ್ನು ಕಾಣಬೇಕೆಂದು ಇಷ್ಟೆಲ್ಲ ಸಾಹಸವೋ ಅದರ ಮನೆಗೆ ಹೋಗಲು ಇನ್ನೂ ರಸ್ತೆಯೇ ಬಿದ್ದಿಲ್ಲ! ಮೂರನೆಯದು, ಇಲಿಯ ಮೈ ಎರಡು ಬೆರಳಿನಷ್ಟು ದಪ್ಪ. ಮನುಷ್ಯನ ಮೈ ಹಾಗಲ್ಲ. ಆಳದಲ್ಲಿರುವ ಮೇದೋಜೀರಕಾಂಗದ ಕಿರುಗೆಡ್ಡೆಯ ಬೆಳಕು ಹೊಟ್ಟೆಯ ಹೊರಗೆ ಬಂದು ಕಾಣಿಸಿಕೊಳ್ಳುವುದು ಸುಲಭಸಾಧ್ಯವಲ್ಲ. ಆದುದರಿಂದಲೇ ಈ ಬೆಳಕಿನ ವಿದ್ಯೆಗೆ ಶಸ್ತ್ರಕ್ರಿಯೆಯ ಮೇಜು ತಕ್ಕ ಎಡೆಯಾಗಿದೆ. ಅಲ್ಲಿ ದೇಹ ತೆರೆದಿರುತ್ತದೆ, ಆಳದ ತೊಡಕು ಕಡಿಮೆ.

ಆ ಮೇಜಿನ ಮೇಲೆ ಬೆಳಕು ಈಗಾಗಲೇ ಕೆಲಸ ಮಾಡುತ್ತಿದೆ. ಮಿದುಳಿನ ಗೆಡ್ಡೆಯಿರುವ ರೋಗಿಗೆ ಮುಂಚಿತವಾಗಿ ಅಮಿನೊಲೆವುಲಿನಿಕ್ ಆಮ್ಲವನ್ನು ಕುಡಿಸಿದರೆ ಕ್ಯಾನ್ಸರ್ ಕೋಶಗಳು ಅದನ್ನು ಬೆಳಗುವ ವಸ್ತುವನ್ನಾಗಿ ಮಾರ್ಪಡಿಸಿಕೊಳ್ಳುತ್ತವೆ. ನೀಲಿ ದೀಪದಡಿಯಲ್ಲಿ ಗೆಡ್ಡೆ ಕೆಂಡಸಂಪಿಗೆಯ ಬಣ್ಣಕ್ಕೆ ತಿರುಗಿ ಕಾಣುತ್ತದೆ. ಜರ್ಮನಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಚಿತ್ರಗಳಲ್ಲಿ ಕಾಣುವ ಗೆಡ್ಡೆಯನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಾದದ್ದು ಸಾಮಾನ್ಯ ಬೆಳಕಿನಲ್ಲಿ ನೂರಕ್ಕೆ 36 ರೋಗಿಗಳಲ್ಲಾದರೆ, ಈ ಬೆಳಕಿನ ನೆರವಿನಿಂದ ನೂರಕ್ಕೆ 65 ರೋಗಿಗಳಲ್ಲಿ. ಸ್ತನದ ಕ್ಯಾನ್ಸರಿಗಾಗಿ 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಪೆಗುಲಿಸಿಯನೈನ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಬೆಳಗುವ ವರ್ಣದ್ರವ್ಯವೊಂದಕ್ಕೆ ಪಾಲಿಮರಿನ ಬಾಲವೂ, ಬೆಳಕನ್ನು ಅಡಗಿಸಿಡುವ ಮುಚ್ಚಳದಂಥ ಅಣುವೂ ಸೇರಿವೆ. ಗೆಡ್ಡೆಯ ಬಳಿಯಲ್ಲಿ ಹೆಚ್ಚಾಗಿರುವ ಕಿಣ್ವಗಳು ಕೊಂಡಿಯನ್ನು ಕತ್ತರಿಸಿದಾಗ ಮುಚ್ಚಳ ಕಳಚಿ ಬೆಳಕು ಹೊರಬರುತ್ತದೆ. ಡಾಕ್ಟರು ಎಲ್ಲವನ್ನೂ ತೆಗೆದೆವೆಂದು ಮುಗಿಸಿದ ಮೇಲೂ ಉಳಿದಿದ್ದ ಕ್ಯಾನ್ಸರು 357 ಮಹಿಳೆಯರ ಪೈಕಿ 27 ಮಂದಿಯಲ್ಲಿ ಈ ಬೆಳಕಿನಿಂದ ಸಿಕ್ಕಿತು. ಕೆಲವರಿಗೆ ಈ ಔಷಧ ತೀವ್ರವಾದ ಅಲರ್ಜಿಯನ್ನು ಉಂಟುಮಾಡಬಲ್ಲದೆಂಬ ಎಚ್ಚರಿಕೆಯನ್ನೂ ಅದರ ಮೇಲೆ ಅಚ್ಚುಹಾಕಿದ್ದಾರೆ. 27 ಎಂಬುದು ಅಂಕಿಯಾಗಿ ದೊಡ್ಡದಲ್ಲ; ಆದರೆ ಬೆಂಚಿನ ಮೇಲೆ ಕಾದು ಕುಳಿತ 27 ಮನೆತನಗಳನ್ನು ಅದರಲ್ಲಿ ಕಾಣಬಹುದು.

ಸಣ್ಣದೆಲ್ಲವನ್ನೂ ಕಂಡುಬಿಟ್ಟರೆ ಕ್ಷೇಮವೇ ಎಂಬ ಪ್ರಶ್ನೆಯೂ ಉಳಿದಿದೆ. ದಕ್ಷಿಣ ಕೊರಿಯಾದಲ್ಲಿ 1999ರ ಬಳಿಕ ಕ್ಯಾನ್ಸರ್ ತಪಾಸಣೆ ವ್ಯಾಪಕವಾಗಿ, ಅದರ ಜೊತೆಗೆ ಜನರು ಕುತ್ತಿಗೆಯ ಥೈರಾಯ್ಡ್ ಗ್ರಂಥಿಯನ್ನೂ ಅಲ್ಟ್ರಾಸೌಂಡಿನಿಂದ ನೋಡಿಸಿಕೊಳ್ಳತೊಡಗಿದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರೆಂದು ಗೊತ್ತಾದವರ ಪ್ರಮಾಣ 1993ರಲ್ಲಿ ಇದ್ದದ್ದಕ್ಕೆ ಹದಿನೈದು ಪಟ್ಟಾಯಿತು. ಆ ರೋಗದಿಂದ ಸಾಯುವವರ ಸಂಖ್ಯೆ ಮಾತ್ರ ಇದ್ದಲ್ಲಿಯೇ ಇತ್ತು. ಎಂದೂ ತೊಂದರೆ ಕೊಡದೆ ಸುಮ್ಮನೆ ಇದ್ದುಬಿಡುತ್ತಿದ್ದ ಕಿರುಗೆಡ್ಡೆಗಳಿಗಾಗಿ ಸಾವಿರಾರು ಜನ ಗ್ರಂಥಿಯನ್ನು ಕಳೆದುಕೊಂಡು ಬದುಕಿನುದ್ದಕ್ಕೂ ಗುಳಿಗೆ ನುಂಗುವವರಾದರು. ಆದ್ದರಿಂದ ಕಣಗಳನ್ನು ಕಟ್ಟುವವರು ಈಗ ಗೆಡ್ಡೆ ಎಲ್ಲಿದೆಯೆಂದು ತೋರಿಸಿದರೆ ಸಾಲದು, ಅದು ಕೆರಳುವ ಜಾತಿಯದೋ ಮಲಗಿರುವ ಜಾತಿಯದೋ ಎಂಬುದನ್ನೂ ಹೇಳಬೇಕೆಂದು ಶ್ರಮಿಸುತ್ತಿದ್ದಾರೆ. ಗೆಡ್ಡೆಯ ನೆರೆಯ ಕಿಣ್ವ, ಆಮ್ಲತೆ, ಚುರುಕಾದ ಆಮ್ಲಜನಕ ಇವುಗಳನ್ನು ಸಂಧಿಸಿದಾಗ ಮಾತ್ರ ಬೆಳಗುವ ಪಾಲಿಮರುಗಳ ಕಡೆಗೆ ಅವರ ಒಲವು ಹರಿದಿರುವುದು ಇದಕ್ಕಾಗಿಯೇ.

ಸಂಜೀವ್ ಗಂಭೀರರು ಇದರ ಮುಂದಿನ ಅಧ್ಯಾಯಗಳನ್ನು ನೋಡಲಿಲ್ಲ. ಮಗ ತೀರಿಕೊಂಡ ಐದು ವರ್ಷಗಳ ಬಳಿಕ, 2020ರ ಜುಲೈ 18ರಂದು, ಐವತ್ತೇಳನೆಯ ವಯಸ್ಸಿನಲ್ಲಿ ಅವರೂ ಕ್ಯಾನ್ಸರಿಗೆ ತುತ್ತಾದರು. ಅವರೊಡನೆ ದುಡಿದವರು ಇಂದು ಲೋಕದ ಅನೇಕ ಪ್ರಯೋಗಾಲಯಗಳಲ್ಲಿ ಕತ್ತಲೆ ಕೋಣೆಗಳ ಮುಂದೆ ಕುಳಿತು, ಕ್ಯಾಮೆರ ತೆರೆದು, ಒಂದು ಚುಕ್ಕೆಯಷ್ಟು ಬೆಳಕಿಗಾಗಿ ಕಾಯುತ್ತಿದ್ದಾರೆ. ಅವರ ಕಣಗಳು ಇಲಿಯಿಂದ ಮನುಷ್ಯನ ತನಕ ಬರುವುದಕ್ಕೆ, ಬಂದು ನಮ್ಮ ಊರಿನ ಆಸ್ಪತ್ರೆಯ ಬಾಗಿಲನ್ನು ತಟ್ಟುವುದಕ್ಕೆ ಇನ್ನೂ ಕಾಲ ಹಿಡಿಯುತ್ತದೆ.

ಅಲ್ಲಿಯ ತನಕ ಮನೆಮಂದಿ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಹೊಗೆಸೊಪ್ಪು, ಎಲೆಯಡಿಕೆಗಳ ಈ ನಾಡಿನಲ್ಲಿ ಬಾಯಿಯ ಕ್ಯಾನ್ಸರು ಎಷ್ಟು ಮನೆಗಳನ್ನು ಕೆಡಿಸಿದೆಯೆಂಬುದು ಎಲ್ಲರೂ ಬಲ್ಲ ವಿಷಯ. 1996ರಿಂದ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಜನರ ಬಾಯಿ ತೆರೆಸಿ ಒಳಗೆಲ್ಲ ಕಣ್ಣಾರೆ ಪರೀಕ್ಷಿಸಿದರು. ಬೆಳಕು, ಕಣ್ಣು, ತಾಳ್ಮೆ ಇವು ಮೂರೇ ಅವರ ಮುಖ್ಯ ಸಲಕರಣೆಗಳು. 2005ರಲ್ಲಿ ಫಲಿತಾಂಶ ಹೊರಬಂದಾಗ ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. ಅಜ್ಜನ ಕೆನ್ನೆಯ ಒಳಗಡೆ ಎರಡು ಮೂರು ವಾರಗಳಾದರೂ ಮಾಯದ ಹುಣ್ಣೋ, ಉಜ್ಜಿದರೂ ಹೋಗದ ಬಿಳಿಯ ಮಚ್ಚೆಯೋ ಇದ್ದರೆ ಅದನ್ನು ಕಾಣುವುದಕ್ಕೆ ಸಿಂಗಪುರದ ಪಾಲಿಮರ್ ಬೇಕಿಲ್ಲ. ಕಪಾಟಿನಲ್ಲಿರುವ ಟಾರ್ಚು ಸಾಕು. ‘ಅಜ್ಜ, ಒಂದು ನಿಮಿಷ ಬಾಯಿ ತೆಗೆಯಿರಿ’ ಎಂದು ಕೇಳುವ ಮೊಮ್ಮಗಳಿದ್ದರೆ, ಕಂಡದ್ದನ್ನು ಮರುದಿನವೇ ಡಾಕ್ಟರಿಗೆ ತೋರಿಸಿಕೊಂಡು ಬರುವ ಮಗನಿದ್ದರೆ ಆಯಿತು.